ಸುರಂಗದ ಬಾಯಿಗೆ ಒಂದು ಎಲೆ

ಒಳಗೆ ಸತ್ತವರು ಊಟ ಮಾಡುತ್ತಿದ್ದರು. ಬದುಕಿದ್ದವರು ಹೊರಗೆ ಚಾವಡಿಯಲ್ಲಿ ಕುಳಿತು ಮೊಬೈಲ್ ನೋಡುತ್ತಿದ್ದರು.

ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಹಿರಿಯರ ಕುಲೆಗಳಿಗೆ, ಎಂದರೆ ಸತ್ತವರ ಆತ್ಮಗಳಿಗೆ, ಬಡಿಸುವುದು ಕೆಂಜೊಟ್ಟು ಬೀಡಿನಲ್ಲಿ ಯಾವಾಗಲೂ ಸಂಜೆಯ ಕೆಲಸ. ಆದರೆ ಸಂಜೆಗೆ ಮಣಿಪಾಲದಿಂದ ಒಂದು ಬಸ್ಸು ಪ್ರವಾಸಿಗಳು ‘ಬಲ್ಲಾಳ್ತಿಯ ರಹಸ್ಯ’ ಎಂಬ ಕಾರ್ಯಕ್ರಮಕ್ಕೆ ಬುಕ್ ಮಾಡಿದ್ದರಿಂದ ಈ ವರ್ಷ ಸತ್ತವರು ಸ್ವಲ್ಪ ಹೊಂದಿಕೊಳ್ಳಬೇಕಾಯಿತು. ಮಧ್ಯಾಹ್ನಕ್ಕೇ ಎಲೆ ಬಿತ್ತು. ಅವರು ಆಕ್ಷೇಪಿಸಿದ ಸುದ್ದಿ ಇಲ್ಲ.

ಎಲೆ ಹಾಕುವಾಗ ಕುಶಲಾ ಬಾಗಿಲಲ್ಲೇ ನಿಂತು ನೋಡಿದ್ದಳು. ಅಜ್ಜನಿಗೆ ಕಳ್ಳು, ಬೀಡಿ, ಅಜ್ಜಿಗೆ ಎಲೆಯಡಿಕೆ, ದೊಡ್ಡಮಾವನಿಗೆ ಕೋಳಿ ಸುಕ್ಕ. ಯಾರಿಗೆ ಏನು ಇಷ್ಟವೋ ಅದು. ಮನೆಯ ಸೊಸೆ ಮಾನಸ ಒಂದು ಎಲೆಯನ್ನು ಹಾಕಿದ್ದೇ ತಡ, ಗಂಡನ ಅಕ್ಕ ವಾರಿಜಕ್ಕ ಅದನ್ನು ಎತ್ತಿ ತಿರುಗಿಸಿದರು.

“ತುದಿ ಎಡಕ್ಕಾದರೆ ಬದುಕಿದ್ದವರಿಗೆ. ಸತ್ತವರಿಗೆ ಬಲಕ್ಕೆ. ಈ ಮನೆಗೆ ಬಂದು ಮಕ್ಕಳು ಕಾಲೇಜಿಗೆ ಹೋಗ್ಲಿಕ್ಕೆ ಶುರು ಮಾಡಿದರು, ಇನ್ನೂ ಕಲಿಯಲಿಲ್ಲ ನೀನು.”

“ಕೈ ತಪ್ಪಿತು ಅತ್ತಿಗೆ.”

“ನನಗೆ ಯಾಕೆ ತಪ್ಪುವುದಿಲ್ಲ?”

ವಾರಿಜಕ್ಕನ ಕೈ ತಪ್ಪಿದ್ದನ್ನು ಆ ಮನೆಯಲ್ಲಿ ಯಾರೂ ಕಂಡವರಿಲ್ಲ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದ್ದರು. ಕುಲೆಗಳು ಉಣ್ಣುವುದನ್ನು ನೋಡಬಾರದು. ದೊಡ್ಡ ಮನೆಗಳಲ್ಲಿ ನೋಡಬಾರದ್ದಕ್ಕೆಲ್ಲ ಒಂದು ಬಾಗಿಲು ಇದ್ದೇ ಇರುತ್ತದೆ.

ಕುಶಲಾ ಕಾಪುವಿನ ಮೊಗವೀರರ ಮಗಳು. ಪೊಲೀಸ್ ಇಲಾಖೆಯಲ್ಲಿ ಎಎಸ್‌ಐ ಆಗಿ ನಿವೃತ್ತಳಾಗಿ ಈಗ ಕಡಿಯಾಳಿಯಲ್ಲಿ ಒಂದು ಪತ್ತೇದಾರಿ ಕಚೇರಿ ಇಟ್ಟಿದ್ದಾಳೆ. ಪತ್ತೇದಾರಿ ಎಂದರೆ ಹೆಚ್ಚಿನದು ವರಾನ್ವೇಷಣೆ: ಹುಡುಗ ದುಬೈಯಲ್ಲಿ ಮ್ಯಾನೇಜರೋ, ಮ್ಯಾನೇಜರನ ಡ್ರೈವರೋ ಎಂದು ತಿಳಿದು ಹೇಳುವುದು. ಅಲ್ಲಿಗೆ ಜೂನ್‌ನಲ್ಲಿ ವಾರಿಜಕ್ಕ ಬಂದಿದ್ದರು. ಮಗಳು ದೀಕ್ಷಿತಾ ಬೇಸಿಗೆಯಿಂದ ಮನೆಗೆ ಬಂದಿಲ್ಲ, ಪೋರ್ಚುಗಲ್‌ನಲ್ಲಿ ಓದುತ್ತಿದ್ದೇನೆ ಎಂದು ಮೆಸೇಜ್ ಬರುತ್ತದೆ, ಸ್ವರ ಬರುವುದಿಲ್ಲ, ಹುಡುಕಿ ಕೊಡಿ. “ಆಟಿ ಮುಗಿಯುವುದರೊಳಗೆ ನಿಮ್ಮ ಮಗಳನ್ನು ಊಟಕ್ಕೆ ಕರೆದುಕೊಂಡು ಬರುತ್ತೇನೆ” ಎಂದು ಕುಶಲಾ ಮಾತು ಕೊಟ್ಟಿದ್ದಳು. ನಿವೃತ್ತರಾದ ಮೇಲೆ ಜನ ಸುಲಭವಾಗಿ ಮಾತು ಕೊಡುತ್ತಾರೆ.

ಒಳಗಿನವರ ಊಟ ಮುಗಿಯುವ ಲಕ್ಷಣ ಕಾಣಲಿಲ್ಲ. ಕುಶಲಾ ಎದ್ದು ಹಿತ್ತಲಿಗೆ ನಡೆದಳು.

ಮಳೆ ಬಿಟ್ಟು ಬಿಸಿಲು ಬಂದಿತ್ತು. ಆನೆಯ ಬೆನ್ನನ್ನೂ ಒಡೆಯುತ್ತದೆ ಎಂದು ಹಿರಿಯರು ಹೇಳುವ ಆಟಿಯ ಬಿಸಿಲು. ಗುಡ್ಡದ ಬುಡದಲ್ಲಿ ಮುರಕಲ್ಲಿನ ಕಮಾನು, ಅದರೊಳಗೆ ಬೀಡಿನ ಪ್ರಸಿದ್ಧ ಸುರಂಗ. ಹಿಂದೆ ಶತ್ರುಗಳು ಮುತ್ತಿದ ದಿನ ಬೀಡಿನ ಒಡತಿ ಬಲ್ಲಾಳ್ತಿ ದೀಪ ಹಿಡಿದು ಇದರೊಳಗೆ ಇಳಿದಳಂತೆ. ಇದು ಕಾಪುವಿನ ಕಡಲಿಗೆ ಹೋಗಿ ಮುಟ್ಟುತ್ತದಂತೆ. ಕರಾವಳಿಯಲ್ಲಿ ಎಲ್ಲ ಹಳೇ ಮನೆಗಳಿಗೂ ಒಂದು ಸುರಂಗ ಉಂಟು, ಎಲ್ಲವೂ ಕಡಲಿಗೇ ಹೋಗುತ್ತವೆ. ಎಲ್ಲವೂ ನಿಜವಾಗಿದ್ದರೆ ಜಿಲ್ಲೆ ಎಂದೋ ಕುಸಿದು ಕುಳಿತುಕೊಳ್ಳುತ್ತಿತ್ತು.

ಹಾಗೆ ಹೇಳಿದವಳು ದೀಕ್ಷಿತಾ. ಮಣಿಪಾಲದಲ್ಲಿ ಆರ್ಕಿಟೆಕ್ಚರ್ ಓದಿ, ಪರ್ಕಳದಲ್ಲಿ ರೂಮು ಮಾಡಿಕೊಂಡು, ಹಳೇ ಮನೆಗಳನ್ನು ಅಳೆದು ನಕ್ಷೆ ಬರೆಯುತ್ತಿದ್ದ ಹುಡುಗಿ. ಒಂದು ಭಾನುವಾರ ಪ್ರವಾಸಿಗಳ ಎದುರೇ, “ಇದು ನೀರಿಗೆ ತೋಡಿದ ಸುರಂಗ, ಸ್ವಲ್ಪ ದೂರ ಹೋಗಿ ಬಂಡೆಗೆ ನಿಲ್ಲುತ್ತದೆ. ಬೇಕಾದರೆ ಬನ್ನಿ, ತೋರಿಸುತ್ತೇನೆ” ಎಂದಿದ್ದಳು. ಕತೆ ಹೇಳುತ್ತಿದ್ದ ಸೋದರಮಾವ ಪ್ರವೀಣ ಹೆಗ್ಡೆಯ ಕೈಯಲ್ಲಿ ಮೈಕ್ ಹಾಗೆಯೇ ಉಳಿದಿತ್ತು. ಅಳಿಯಸಂತಾನದ ಮನೆ. ಮಾವ ಯಜಮಾನ ಎಂಬುದು ಹೌದಾದರೂ ಮನೆ ಸೇರುವುದು ಅವನ ಅಕ್ಕ ವಾರಿಜಕ್ಕನಿಗೆ, ಅಕ್ಕನ ನಂತರ ಅಕ್ಕನ ಮಗಳಿಗೆ. ಕುಶಲಾ ಇಷ್ಟು ದಿನ ಹೆಗ್ಡೆಯ ಮೇಲೆಯೇ ಕಣ್ಣಿಟ್ಟಿದ್ದಳು.

ಸುರಂಗದ ಬಾಯಿಯನ್ನು ಈಗ ಕಲ್ಲಿಟ್ಟು ಮುಚ್ಚಿ ಸಿಮೆಂಟ್ ಮೆತ್ತಿದ್ದರು. ಅದರ ಎದುರು ಚಪ್ಪಡಿಯ ಮೇಲೆ ಒಂದು ಎಲೆ. ಅರಳು, ಎಳನೀರು. ಅದು ಬಲ್ಲಾಳ್ತಿಯದು. ಅವಳು ಸತ್ತದ್ದನ್ನು ಕಂಡವರಿಲ್ಲ. ಉತ್ತರಕ್ರಿಯೆ ಮಾಡಿ ಉಳಿದ ಹಿರಿಯರ ಜೊತೆ ಸೇರಿಸದ ಕುಲೆ ಒಳಗಿನ ಸಾಲಿನಲ್ಲಿ ಕೂರುವಂತಿಲ್ಲ. ಅದಕ್ಕೆ ಹೊರಗೇ ಊಟ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದೀಪದ ಕಲ್ಲಿನ ಹಿಂದೆ, ನೆರಳಿನಲ್ಲಿ, ಇನ್ನೊಂದು ಎಲೆ ಇತ್ತು.

ಕುಶಲಾ ಮೊಣಕಾಲೂರಿ ಕುಳಿತಳು. ಸಣ್ಣ ತುದಿಬಾಳೆ. ತೊಳೆದು ಒರಸಿದ್ದು. ತುದಿ ಬಲಕ್ಕೆ. ಸುತ್ತ ನೀರು ಸುತ್ತಿಸಿದ ಗುರುತು. ಎಲೆಯ ಮೇಲೆ ಕರಗಿ ಹರಡಿದ ಗುಲಾಬಿ ಬಣ್ಣದ ನೀರು, ಅದರಲ್ಲಿ ಗೋಡಂಬಿ, ಬಾಳೆಹಣ್ಣಿನ ಚೂರು. ಇರುವೆಗಳು ಆಗಲೇ ಪಂಕ್ತಿಯಲ್ಲಿ ಬಂದಿದ್ದವು.

ಗಡ್‌ಬಡ್ ಐಸ್‌ಕ್ರೀಂ.

ಉಪ್ಪಿನಕಾಯಿ ಬಡಿಸುವ ಮೂಲೆಯಲ್ಲಿ ಜೆಲ್ಲಿಯ ತುಂಡುಗಳನ್ನು ಒಂದೊಂದಾಗಿ ಹೆಕ್ಕಿ ಬೇರೆ ಇಟ್ಟಿದ್ದರು. ಪರ್ಕಳದ ರೂಮಿನಲ್ಲಿ ದೀಕ್ಷಿತಾಳ ಜೊತೆಗಿದ್ದ ರೋಸಲಿನ್ ಹೇಳಿದ ಮಾತು ಕುಶಲಾಳಿಗೆ ನೆನಪಾಯಿತು: “ಗಡ್‌ಬಡ್ ಸಿಕ್ಕಿದರೆ ಸಾಕು ಆಂಟಿ ಅವಳಿಗೆ. ಜೆಲ್ಲಿ ಎಲ್ಲ ತೆಗೆದು ಬದಿಗೆ ಇಡ್ತಾಳೆ, ಕೊನೆಗೆ ತಿನ್ಲಿಕ್ಕೆ. ಯಾರಾದರೂ ಮುಟ್ಟಿದರೆ ಯುದ್ಧವೇ.”

ಬದುಕಿದ್ದವರಿಗೆ ಈ ಎಲೆಯನ್ನು ಯಾರೂ ಹಾಕುವುದಿಲ್ಲ. ಅದಕ್ಕಿಂತ ದೊಡ್ಡ ಶಾಪ ತುಳುನಾಡಿನಲ್ಲಿ ಇಲ್ಲ. ದೀಕ್ಷಿತಾ ಬದುಕಿಲ್ಲ ಎಂದು ಹಾಕಿದವರಿಗೆ ಗೊತ್ತಿತ್ತು. ಅನುಮಾನವಲ್ಲ, ಗೊತ್ತಿತ್ತು.

“ಎಂತ ಕುಶಲಕ್ಕ, ಹಸಿವಾಗ್ತಾ ಉಂಟಾ?”

ಪ್ರವೀಣ ಹೆಗ್ಡೆ ಬಿಳಿ ಪಂಚೆಯ ತುದಿ ಎತ್ತಿಕೊಂಡು ಇಳಿದು ಬರುತ್ತಿದ್ದ. ಐವತ್ತು ದಾಟಿದ ಆಳು, ಇನ್ನೂ ಯಕ್ಷಗಾನದ ರಾಜವೇಷಕ್ಕೆ ಒಪ್ಪುವ ಮುಖ. “ಸ್ವಲ್ಪ ತಡೆಯಿರಿ ಮಾರಾಯ್ರೆ. ಅವರದ್ದು ಆದ ಮೇಲೆ ನಮ್ಮದು.”

“ಈ ಎಲೆ ಯಾರದ್ದು ಹೆಗ್ಡೆಯವರೇ?”

“ಬಲ್ಲಾಳ್ತಿಯದ್ದಲ್ವಾ? ಅವಳು ದೀಪ ಹಿಡಿದುಕೊಂಡು…”

“ಆ ಕತೆ ನಾನು ಮೂರು ನಮೂನೆಯಲ್ಲಿ ಕೇಳಿದ್ದೇನೆ. ಕಾಲೇಜು ಮಕ್ಕಳು ಬಂದರೆ ಅವಳಿಗೆ ಪ್ರಿಯಕರ ಇರುತ್ತಾನೆ, ಸಂಸಾರಸ್ಥರು ಬಂದರೆ ಪತಿವ್ರತೆ, ಬಿಳಿಯರು ಬಂದರೆ ನಿಧಿ. ನಾನು ಕೇಳಿದ್ದು ಅದನ್ನಲ್ಲ, ಇದನ್ನು.”

ಹೆಗ್ಡೆ ಬಗ್ಗಿ ನೋಡಿದ.

“ಯಾರೋ ಮಕ್ಕಳು ಐಸ್‌ಕ್ರೀಂ ಚೆಲ್ಲಿದ್ದಾರೆ.”

“ಎಲೆ ತೊಳೆದು, ತುದಿ ಬಲಕ್ಕೆ ಮಾಡಿ, ನೀರು ಸುತ್ತಿಸಿ ಚೆಲ್ಲಿದ್ದಾರಾ? ಒಳ್ಳೆ ಸಂಸ್ಕಾರದ ಮಕ್ಕಳು.”

ಅವನು ಇನ್ನೊಮ್ಮೆ ಬಗ್ಗಿದ. ಈ ಸಲ ಜೆಲ್ಲಿ ಕಾಣಿಸಿತು. ಎದ್ದವನ ಮುಖದಲ್ಲಿ ರಾಜವೇಷ ಇರಲಿಲ್ಲ.

“ಇದನ್ನು ಯಾರು ಹಾಕಿದ್ದು?”

“ನಾನು ನಿಮ್ಮನ್ನು ಕೇಳಬೇಕೆಂದಿದ್ದೆ.”

“ಬದುಕಿದ್ದವಳಿಗೆ ಹಾಕ್ತಾರಾ ಯಾರಾದರೂ! ಅವಳು ಇದ್ದಾಳೆ. ಮೆಸೇಜ್ ಬರ್ತಾ ಉಂಟಲ್ಲ…”

“ಬರುತ್ತದೆ. ನೀವು ಒಬ್ಬರೇ ಇರುವಾಗ ಮಾತ್ರ ಬರುತ್ತದೆ. ಹೋದ ವಾರ ಬೆಳಗಿನಿಂದ ಕತ್ತಲಾಗುವ ತನಕ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಕಾರ್ಕಳ ಇಡೀ ತೋರಿಸಿದಿರಿ. ಆ ದಿನ ಪೋರ್ಚುಗಲ್‌ಗೆ ರಜೆ ಇತ್ತೋ ಏನೋ.”

ಹೆಗ್ಡೆ ಚಪ್ಪಡಿಯ ಅಂಚಿಗೆ ಕುಳಿತ. ಬಲ್ಲಾಳ್ತಿಯ ಅರಳಿನ ಮೇಲೆ ಪಂಚೆ ತಾಗಿದ್ದೂ ಅವನಿಗೆ ಗೊತ್ತಾಗಲಿಲ್ಲ.

“ಫೋನ್ ನನ್ನ ಹತ್ತಿರ ಉಂಟು,” ಎಂದ.

“ಹೇಗೆ ಬಂತು?”

“ಆ ಭಾನುವಾರ ಜಗಳ ಆಯ್ತು. ಬಸ್ಸಿನವರೆಲ್ಲ ಹೋದ ಮೇಲೆ. ನಾನು… ಬಾಯಿಗೆ ಬಂದದ್ದು ಹೇಳಿದೆ. ಅವಳು ಫೋನ್ ಚಾವಡಿಗೆ ಬಿಸಾಡಿ ಹೋದಳು. ಕಾಡಿನ ಕಡೆಗೋ, ರಸ್ತೆಗೋ, ನೋಡಲಿಲ್ಲ. ಮರುದಿನ ನಾನು ಬೆಂಗಳೂರಿಗೆ, ಪ್ರವಾಸೋದ್ಯಮದ ಮೇಳಕ್ಕೆ. ಬಂದು ನೋಡಿದರೆ ಇವಳಿಲ್ಲ, ಅಕ್ಕ ಊಟ ಬಿಟ್ಟಿದ್ದಾರೆ. ಅವಳ ಫೋನಿನ ಬೀಗದ ನಂಬರು ಗೊತ್ತಿತ್ತು ನನಗೆ. ಸಣ್ಣದಿರುವಾಗಿನಿಂದ ಅದೇ. ‘ಚೆನ್ನಾಗಿದ್ದೇನೆ, ಅಮ್ಮ’ ಅಂತ ಒಂದು ಮೆಸೇಜ್ ಹಾಕಿದೆ. ಅಕ್ಕ ಊಟ ಮಾಡಿದರು. ಮತ್ತೆ ಬಿಡ್ಲಿಕ್ಕೆ ಆಗಲಿಲ್ಲ.”

“ಪೋರ್ಚುಗಲ್ ಯಾಕೆ?”

“ದೂರ ಇರಲಿ ಅಂತ.”

ಕತೆ ಹೇಳಿ ಬದುಕುವವರು ನಿಜ ಹೇಳುವಾಗ ತಡವರಿಸುತ್ತಾರೆ. ಹೆಗ್ಡೆ ತಡವರಿಸುತ್ತಿದ್ದ. ಕುಶಲಾಳಿಗೆ ಇದು ಸಂತೋಷ ಕೊಡಲಿಲ್ಲ. ಎರಡು ತಿಂಗಳು ಸಾಕಿ ಬೆಳೆಸಿದ ಅನುಮಾನ ಕಣ್ಣೆದುರೇ ಕಾಲು ಮುರಿದುಕೊಂಡು ಬಿದ್ದಿತ್ತು.

“ಮತ್ತೆ ಈ ಬಾಯಿಯನ್ನು ಯಾಕೆ ಮುಚ್ಚಿಸಿದಿರಿ?”

“ನಾನು ಮುಚ್ಚಿಸಿದ್ದಲ್ಲ! ಬೆಂಗಳೂರಿನಿಂದ ಬರುವಾಗಲೇ ಮುಚ್ಚಿ ಆಗಿತ್ತು. ಹಾವು ಬರ್ತದೆ, ಪ್ರವಾಸಿಗಳ ಮಕ್ಕಳು ಇಳಿಯುತ್ತಾರೆ ಅಂತ… ಕಾರ್ಕಳದ ಮೇಸ್ತ್ರಿ ಆಂಡ್ರ್ಯೂ ಬಂದು ಮಾಡಿದ್ದು. ಮುಚ್ಚಿದ ಮೇಲೆ ಕತೆಗೆ ಇನ್ನೂ ಒಳ್ಳೆದಾಯಿತು ಅಂತ ನಾನೂ ಸುಮ್ಮನಾದೆ.”

“ಯಾರು ಹೇಳಿ ಮಾಡಿಸಿದ್ದು?”

ಹೆಗ್ಡೆ ತಿರುಗಿ ಮನೆಯ ಕಡೆ ನೋಡಿದ. ಆಮೇಲೆ ಎದ್ದು, “ಮೈಕ್ ಸರಿ ಉಂಟಾ ನೋಡ್ಬೇಕು,” ಎಂದು ಹೊರಟೇಹೋದ. ಮನೆ ಬಿದ್ದರೂ ಕೆಲವರಿಗೆ ಸಂಜೆಯ ಕಾರ್ಯಕ್ರಮ ಇರುತ್ತದೆ.

ಕುಶಲಾ ನಂಬರು ಹುಡುಕಿ ಆಂಡ್ರ್ಯೂಗೆ ಫೋನ್ ಮಾಡಿದಳು. ಎಲ್ಲೋ ಕಲ್ಲು ಕೊಯ್ಯುವ ಯಂತ್ರದ ಸದ್ದು.

“ಕೆಂಜೊಟ್ಟು ಬೀಡಿನ ಸುರಂಗವಾ? ಹೌದು, ನಾವೇ ಮಾಡಿದ್ದು. ಎಂತ, ಬಿರುಕು ಬಿಟ್ಟಿತಾ?”

“ಇಲ್ಲ. ಚೆನ್ನಾಗಿದೆ. ನಮ್ಮಲ್ಲೂ ಒಂದು ಕೆಲಸ ಉಂಟು, ಅದಕ್ಕೆ ಕೇಳಿದೆ. ಹೆಗ್ಡೆಯವರೇ ನಿಂತು ಮಾಡಿಸಿದರಾ?”

“ಅವರು ಊರಲ್ಲಿ ಇರಲಿಲ್ಲ. ಅವರ ಅಕ್ಕನೇ ನಿಂತದ್ದು. ಒಂದು ಕಲ್ಲು ಸಡಿಲ ಇರಬಾರದು ಅಂತ ತಟ್ಟಿ ತಟ್ಟಿ ನೋಡಿದ್ರು. ಬಿಸಿಲಿಗೆ ಮಜ್ಜಿಗೆ, ಮಧ್ಯಾಹ್ನ ಕೂತಲ್ಲಿಗೇ ಊಟ. ದೊಡ್ಡ ಮನೆಯವರು ಅಂದ್ರೆ ಹಾಗಿರಬೇಕು.”

“ಒಳಗೆ ಹಾವೇನಾದರೂ ಕಂಡಿತಾ?”

“ಒಳಗೆ ಹೋಗ್ಲಿಕ್ಕೆ ಬಿಡಲಿಲ್ಲ. ಬಾಗಿಲಲ್ಲೇ ದೀಪ ಹಚ್ಚಿಟ್ಟಿದ್ರು. ಬಲ್ಲಾಳ್ತಿಯ ದೀಪ, ದಾಟಬಾರದು ಅಂದ್ರು. ನಮಗೆ ಎಂತಕ್ಕೆ ಬೇರೆಯವರ ದೈವದ ಉಸಾಬರಿ? ದೀಪ ಉರೀತಾ ಇರುವಾಗಲೇ ಮುಚ್ಚಿದೆವು.”

ಫೋನ್ ಇಟ್ಟ ಮೇಲೆ ಕುಶಲಾಳಿಗೆ ಆ ಸಿಮೆಂಟಿನ ಮೇಲೆ ಕೈಯಿಡಬೇಕೆನಿಸಿತು. ಇಡಲಿಲ್ಲ. ಇರುವೆಗಳು ಜೆಲ್ಲಿಯ ಮೂಲೆಗೆ ಮುಟ್ಟಿದ್ದವು. ಕೊನೆಗೆ ತಿನ್ನಬೇಕಾದ್ದನ್ನು ಅವು ಮೊದಲೇ ಶುರುಮಾಡಿದ್ದವು.

ಬೀಡಿಗೆ ಮರಳುವಷ್ಟರಲ್ಲಿ ಒಳಬಾಗಿಲು ತೆರೆದಾಗಿತ್ತು. ಸತ್ತವರ ಊಟ ಮುಗಿದಿತ್ತು. ಮಾನಸ ಮತ್ತು ಮಕ್ಕಳು ಪ್ರವಾಸಿಗಳಿಗೆ ಕುರ್ಚಿ ಹಾಕಲು ಅಂಗಳಕ್ಕೆ ಹೋಗಿದ್ದರು. ವಾರಿಜಕ್ಕ ಒಬ್ಬರೇ ಅಡುಗೆಮನೆಯಲ್ಲಿ ಕೋಳಿ ಸಾರಿನ ಪಾತ್ರೆಗೆ ಸೌಟು ಆಡಿಸುತ್ತಿದ್ದರು. ಬಿಳಿ ಕೂದಲು ಬಿಗಿದು ಕಟ್ಟಿದ ಸಣ್ಣ ದೇಹ. ಕಡಿಯಾಳಿಯ ಕಚೇರಿಗೆ ಬಂದ ದಿನವೂ ಹೀಗೇ ನೇರ ಕುಳಿತಿದ್ದರು, ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. ದೊಡ್ಡ ಮನೆಯವರ ಧೈರ್ಯ ಎಂದು ಕುಶಲಾ ಅಂದು ಮೆಚ್ಚಿಕೊಂಡಿದ್ದಳು.

“ವಾರಿಜಕ್ಕ, ಗಡ್‌ಬಡ್ ಎಲ್ಲಿಂದ ತರಿಸಿದಿರಿ?”

ಸೌಟು ನಿಲ್ಲಲಿಲ್ಲ.

“ಹಿರಿಯಡ್ಕದಿಂದ. ಬರುವಾಗಲೇ ಅರ್ಧ ಕರಗಿತ್ತು. ಇವತ್ತು ಇಷ್ಟು ಬಿಸಿಲು ಬರ್ತದೆ ಅಂತ ಯಾರಿಗೆ ಗೊತ್ತುಂಟು?”

“ಜೆಲ್ಲಿ ಬೇರೆ ಇಟ್ಟಿದ್ದೀರಿ.”

“ಇಡದಿದ್ದರೆ ಅವಳು ಮುಟ್ಟುವುದಿಲ್ಲ.”

ಅಷ್ಟು ಸುಲಭವಾಗಿ ಬಂತು. ಇಲಾಖೆಯಲ್ಲಿ ಕುಶಲಾ ತಪ್ಪೊಪ್ಪಿಗೆಗಳನ್ನು ಕೇಳಿದ್ದಾಳೆ: ಅತ್ತು ಹೇಳಿದ್ದು, ಕುಡಿದು ಹೇಳಿದ್ದು, ಹೊಡೆತ ತಿಂದು ಹೇಳಿದ್ದು. ಸಾರಿಗೆ ಉಪ್ಪು ನೋಡುತ್ತ ಹೇಳಿದ್ದನ್ನು ಕೇಳಿರಲಿಲ್ಲ.

“ನನ್ನ ಹತ್ತಿರ ಬಂದಾಗಲೇ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಪ್ರವೀಣ ಹೆಗ್ಡೆಯವರ ಮೆಸೇಜ್?”

“ಪಾಪ, ಬಹಳ ಕಷ್ಟಪಟ್ಟು ಬರೀತಾನೆ. ಓದಿ ಊಟ ಮಾಡ್ತೇನೆ. ಇಲ್ಲದಿದ್ದರೆ ಅವನು ಊಟ ಬಿಡ್ತಾನೆ.”

“ಮತ್ತೆ ನನ್ನನ್ನು ಎಂತಕ್ಕೆ ಕರೆದಿರಿ ವಾರಿಜಕ್ಕ?” ಕುಶಲಾಳ ಸ್ವರ ಏರಿತು. “ಎರಡು ತಿಂಗಳು ನಾನು ಅವಳ ಫೋಟೋ ಹಿಡಿದುಕೊಂಡು ಊರೂರು ತಿರುಗಿದ್ದೇನೆ. ಊಟಕ್ಕೆ ಕರೆತರುತ್ತೇನೆ ಅಂತ ನಿಮಗೆ ಮಾತು ಕೊಟ್ಟು ನಿದ್ದೆ ಬಿಟ್ಟಿದ್ದೇನೆ.”

ವಾರಿಜಕ್ಕ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದರು.

“ನಿಮ್ಮ ಅಮ್ಮ ಕಾಪುವಿನಿಂದ ಬಸ್ಸಿನಲ್ಲಿ ಬಂದು ಈ ಮನೆಗೆ ಮೀನು ಕೊಡ್ತಾ ಇದ್ರು. ನೆನಪುಂಟಾ? ಬೇರೆಯವರ ಬುಟ್ಟಿಯ ಮೇಲಿನ ಮೀನು ನೋಡಿಯೇ ಅಡಿಯದ್ದು ಹಾಳಾಗಿದೆ ಅಂತ ಹೇಳುವವರು. ಮಗಳೂ ಹಾಗೇ ಅಂತ ಕೇಳಿದ್ದೆ. ಇವಳಿಗೆ ಸಿಗದಿದ್ದರೆ ಇನ್ನು ಯಾರಿಗೂ ಸಿಗುವುದಿಲ್ಲ, ಆಮೇಲೆ ನೆಮ್ಮದಿಯಲ್ಲಿ ಇರಬಹುದು ಅಂದುಕೊಂಡೆ.”

“ಪರೀಕ್ಷೆ ಮಾಡಿದಿರಿ ನನ್ನನ್ನು.”

“ಗೋಡೆಯನ್ನು. ನಿಮ್ಮನ್ನಲ್ಲ.”

ಹೊರಗೆ ಹೆಗ್ಡೆಯ ಮೈಕ್ ಕೀರಲು ಸ್ವರ ಹೊರಡಿಸಿ ಸುಮ್ಮನಾಯಿತು.

“ಸಿಗ್ತಾ ಇರಲಿಲ್ಲ ನಿಮಗೆ,” ವಾರಿಜಕ್ಕ ಹೇಳಿದರು. ಹೆಮ್ಮೆಯಿಂದಲ್ಲ, ಲೆಕ್ಕ ತಪ್ಪಿದ್ದನ್ನು ಹೇಳುವಂತೆ. “ಈ ಒಂದು ಎಲೆ ಹಾಕದಿದ್ದರೆ ಸಿಗ್ತಾ ಇರಲಿಲ್ಲ. ಹಾಕಬಾರದು ಅಂತ ನಿನ್ನೆ ನಿಶ್ಚಯ ಮಾಡಿಯೂ ಆಗಿತ್ತು. ಆದರೆ ಮನೆಯ ಎಲ್ಲ ಕುಲೆಗಳೂ ಕೂತು ಉಣ್ಣುವಾಗ ಇವಳೊಬ್ಬಳು ಹೊರಗೆ ನಿಂತುಕೊಂಡು ನೋಡುವುದಾ? ನಿಮಗೆ ಮಕ್ಕಳಿಲ್ಲ. ಗೊತ್ತಾಗ್ಲಿಕ್ಕಿಲ್ಲ.”

ಅದು ಮುಟ್ಟಬೇಕಾದಲ್ಲಿ ಮುಟ್ಟಿತು. ಕುಶಲಾ ತೋರಿಸಿಕೊಳ್ಳಲಿಲ್ಲ.

“ಹೇಗೆ ಸತ್ತಳು? ಅವಳೇ ಒಳಗೆ ಹೋದಳಾ, ಯಾರಾದರೂ…”

“ಮೊದಲು ಊಟ.” ವಾರಿಜಕ್ಕ ಕಪಾಟಿನಿಂದ ಮಣೆ ತೆಗೆದು ಒಲೆಯ ಪಕ್ಕದಲ್ಲೇ ಹಾಕಿದರು. “ಬೆಳಗಿನಿಂದ ಹಸಿದಿದ್ದೀರಿ. ಹಸಿದವರ ಹತ್ತಿರ ಈ ಮಾತು ಆಡ್ಲಿಕ್ಕಿಲ್ಲ. ಉಂಡ ಮೇಲೆ ಎಲ್ಲ ಹೇಳ್ತೇನೆ, ಪೊಲೀಸರನ್ನೂ ಕರೆಯಿರಿ.”

“ನನಗೆ ಬೇಡ ವಾರಿಜಕ್ಕ.”

“ನಿಮ್ಮ ಅಮ್ಮ ಈ ಮನೆಯಲ್ಲಿ ಅಂಗಳ ದಾಟಿದವರಲ್ಲ. ಗಂಜಿಯನ್ನೂ ಹೊರಗೇ ಕುಡಿದು ಪಾತ್ರೆ ಕವುಚಿ ಹೋದವರು. ಒಳಗೆ ಕೂರಿಸಬೇಕಿತ್ತು ಅಂತ ನನಗೆ ಈಗ ಅನಿಸ್ತದೆ. ನೀವಾದರೂ ಕೂತುಕೊಳ್ಳಿ.”

ಕುಶಲಾ ಕುಳಿತಳು. ಯಾಕೆ ಕುಳಿತೆ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಬೇಕಿತ್ತು ಎಂಬುದು ನಿಜ. ಆ ಮಣೆಯ ಮೇಲೆ ಅಮ್ಮನ ಬದಲು ಒಮ್ಮೆ ಕುಳಿತು ನೋಡಬೇಕಿತ್ತು ಎಂಬುದೂ ಸುಳ್ಳಲ್ಲ.

ಅಂಗಳದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಹೆಗ್ಡೆಯ ಸ್ವರ ಮೈಕಿನಲ್ಲಿ ಸ್ವಾಗತ ಕೋರಿತು. ವಾರಿಜಕ್ಕ ಹೋಗಿ ಅಡುಗೆಮನೆಯ ಬಾಗಿಲು ಮುಚ್ಚಿ ಅಗುಳಿ ಹಾಕಿದರು.

“ಗಲಾಟೆ,” ಎಂದರು.

ಬಾಳೆ ಎಲೆಯನ್ನು ತೊಳೆದರು. ಒರಸಿದರು. ಕುಶಲಾಳ ಎದುರು ಹಾಕಿ, ಸುತ್ತ ನಿಧಾನವಾಗಿ ನೀರು ಸುತ್ತಿಸಿದರು.

ಎಲೆಯ ತುದಿ ಬಲಕ್ಕಿತ್ತು.

ಮಧ್ಯಾಹ್ನದಿಂದ ಸತ್ತವರಿಗೇ ಎಲೆ ಹಾಕಿದ ಕೈ. ಒಂದು ಸಲ ತಪ್ಪಿದರೂ ತಪ್ಪಬಹುದು. ಕುಶಲಾ ತಲೆಯೆತ್ತಿದಳು. ವಾರಿಜಕ್ಕ ಎಲೆಯನ್ನೇ ನೋಡುತ್ತಿದ್ದರು, ತಿರುಗಿಸಲಿಲ್ಲ. ಅನ್ನದ ಸೌಟು ಹಿಡಿದು, ಬಡಿಸಲೇ ಎಂಬಂತೆ ಕಾಯುತ್ತಿದ್ದರು.